ಏಣಿಯ ಕೆಳಮೆಟ್ಟಿಲು

ಟೆನಿಸ್ ಎಂದೊಡನೆ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ವಿಂಬಲ್ಡನ್ನಿನ ಹಸುರು ಹುಲ್ಲು, ಕಿಕ್ಕಿರಿದ ಕ್ರೀಡಾಂಗಣ, ಬೆಳ್ಳಿಯ ತಟ್ಟೆಯನ್ನು ಎತ್ತಿ ಹಿಡಿದ ವಿಜೇತೆಯ ನಗುಮುಖ. ಅದು ಆ ಆಟದ ಶಿಖರ. ಶಿಖರವನ್ನು ಕಂಡವರು ಅದರ ಬುಡವನ್ನು ಕಾಣುವುದು ಅಪರೂಪ. ವರ್ಷದ ಬಹುಪಾಲು ವಾರಗಳಲ್ಲಿ, ಪ್ರಪಂಚದ ಹತ್ತಾರು ಊರುಗಳಲ್ಲಿ, ಯಾವುದೋ ಕ್ಲಬ್ಬಿನ ನಾಲ್ಕಾರು ಅಂಗಣಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೆಂಡಿನ ಸದ್ದು ಕೇಳುತ್ತಿರುತ್ತದೆ. ಅಲ್ಲಿ ಪ್ರವೇಶದ ಚೀಟಿಯಿಲ್ಲ, ನೂಕುನುಗ್ಗಲಿಲ್ಲ. ನೋಡುವವರೆಂದರೆ ಆಡುವವಳ ತಾಯಿ, ಒಬ್ಬ ತರಬೇತುದಾರ, ಬೆಳಗಿನ ತಿರುಗಾಟ ಮುಗಿಸಿ ಬಂದ ಕೆಲವರು ಹಿರಿಯರು. ಆದರೂ ಅಂಗಣದ ಒಳಗಿರುವ ಇಬ್ಬರು ಯುವತಿಯರು ಆಡುತ್ತಿರುವುದು ವಿನೋದಕ್ಕಲ್ಲ. ಅವರು ವೃತ್ತಿಪರರು. ಆ ದಿನದ ಸೋಲು ಗೆಲುವುಗಳು ಅವರ ಮುಂದಿನ ತಿಂಗಳುಗಳನ್ನು ನಿರ್ಧರಿಸುತ್ತವೆ.

ಮಹಿಳೆಯರ ವೃತ್ತಿಪರ ಟೆನಿಸ್ ಒಂದು ಉದ್ದವಾದ ಏಣಿಯಂತಿದೆ. ಮೇಲ್ತುದಿಯಲ್ಲಿ ಆಸ್ಟ್ರೇಲಿಯ, ಫ್ರಾನ್ಸ್, ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ನಡೆಯುವ ನಾಲ್ಕು ಮಹಾಸ್ಪರ್ಧೆಗಳಿವೆ. ಇವಕ್ಕೆ ಗ್ರ್ಯಾಂಡ್ ಸ್ಲಾಮ್ ಎಂದು ಹೆಸರು. ಅವುಗಳ ಕೆಳಗೆ ಮಹಿಳಾ ಟೆನಿಸ್ ಸಂಘದ 1000, 500, 250 ಮತ್ತು 125ರ ದರ್ಜೆಯ ಸ್ಪರ್ಧೆಗಳು ಬರುತ್ತವೆ. ಈ ಸಂಘವು 1973ರಲ್ಲಿ ಅಮೆರಿಕದ ಬಿಲ್ಲಿ ಜೀನ್ ಕಿಂಗ್ ಅವರ ಮುಂದಾಳುತನದಲ್ಲಿ ಸ್ಥಾಪಿತವಾಯಿತು. ಇವೆಲ್ಲಕ್ಕೂ ಕೆಳಗೆ, 1913ರಲ್ಲಿ ಪ್ಯಾರಿಸ್ಸಿನಲ್ಲಿ ಜನ್ಮ ತಳೆದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಆಶ್ರಯದಲ್ಲಿ ನಡೆಯುವ ಐದು ದರ್ಜೆಗಳಿವೆ: 100, 75, 50, 35 ಮತ್ತು 15. 2024ರಿಂದ ಈ ಅಂಕಿಗಳು ಸಿಂಗಲ್ಸ್ ವಿಜೇತೆಗೆ ದೊರೆಯುವ ಅಂಕಗಳನ್ನು ಸೂಚಿಸುತ್ತವೆ. ಅದಕ್ಕೆ ಮೊದಲು ಸ್ಪರ್ಧೆಯ ಒಟ್ಟು ಬಹುಮಾನದ ಹಣವನ್ನು ಸಾವಿರ ಡಾಲರುಗಳ ಲೆಕ್ಕದಲ್ಲಿ ಸೂಚಿಸುತ್ತಿದ್ದುವು. ವಿಜೇತೆಗೆ ಹದಿನೈದೇ ಅಂಕಗಳನ್ನು ಕೊಡುವ ಸ್ಪರ್ಧೆಯು ಏಣಿಯ ಕಟ್ಟಕಡೆಯ ಮೆಟ್ಟಿಲು. ಗ್ರ್ಯಾಂಡ್ ಸ್ಲಾಮ್ ಗೆದ್ದವಳಿಗೆ ದೊರೆಯುವುದು 2000 ಅಂಕಗಳು. ಎರಡು ತುದಿಗಳ ನಡುವಣ ದೂರ ಎಷ್ಟೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಭಾರತದಲ್ಲಿ ಪುಣೆ, ಸೊಲ್ಲಾಪುರ, ನವಿ ಮುಂಬಯಿ, ಗುರುಗ್ರಾಮ, ಗ್ವಾಲಿಯರ್ ಮೊದಲಾದ ಊರುಗಳು ಇಂಥ ಕೆಳಹಂತದ ಮಹಿಳಾ ಸ್ಪರ್ಧೆಗಳಿಗೆ ನೆಲೆಯಾಗಿವೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣ ಏಣಿಯ ಬೇರೆ ಬೇರೆ ಮೆಟ್ಟಿಲುಗಳನ್ನು ಕಂಡಿದೆ. 2006ರಿಂದ 2008ರವರೆಗೆ ನಗರದಲ್ಲಿ ಮಹಿಳಾ ಟೆನಿಸ್ ಸಂಘದ ಉನ್ನತ ಸ್ಪರ್ಧೆ ನಡೆಯಿತು. 2008ರಲ್ಲಿ ಸೆರೆನಾ ವಿಲಿಯಮ್ಸ್ ಅವರು ಉಪಾಂತ್ಯದಲ್ಲಿ ತಮ್ಮ ಅಕ್ಕ ವೀನಸ್ ಅವರನ್ನೂ, ಅಂತಿಮ ಪಂದ್ಯದಲ್ಲಿ ಸ್ವಿಟ್ಸರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿ ಪ್ರಶಸ್ತಿ ಪಡೆದರು. ಆ ಸ್ಪರ್ಧೆ ನಿಂತುಹೋದ ಬಹುಕಾಲದ ಮೇಲೆ, 2025ರ ಜನವರಿಯಲ್ಲಿ, ಬೆಂಗಳೂರಿನಲ್ಲಿ ಫೆಡರೇಷನ್ನಿನ 100ರ ದರ್ಜೆಯ ಮಹಿಳಾ ಸ್ಪರ್ಧೆ ನಡೆಯಿತು. ಪತ್ರಿಕೆಗಳಲ್ಲಿ ಇಂಥ ಸ್ಪರ್ಧೆಗೆ ಒಳಪುಟದ ಒಂದು ಅಂಕಣ ದೊರೆತರೆ ಹೆಚ್ಚು. ಆದರೆ ಅದರ ಒಳಗಿನ ವ್ಯವಸ್ಥೆ ತಿಳಿದುಕೊಳ್ಳಲು ಯೋಗ್ಯವಾದದ್ದು.

ಸ್ಪರ್ಧೆಯು ಮೊದಲ ಚೆಂಡು ಬೀಳುವುದಕ್ಕೆ ಸುಮಾರು ಎರಡೂವರೆ ವಾರ ಮುಂಚೆಯೇ ಆರಂಭವಾಗುತ್ತದೆ ಎನ್ನಬಹುದು. ಅಷ್ಟರೊಳಗೆ ಆಟಗಾರ್ತಿಯರು ತಮ್ಮ ಹೆಸರನ್ನು ನೋಂದಾಯಿಸಬೇಕು. ಒಂದೇ ವಾರದಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆಯುವ ಹಲವು ಸ್ಪರ್ಧೆಗಳಿಗೆ ಆದ್ಯತೆಯ ಕ್ರಮದಲ್ಲಿ ಹೆಸರು ಕೊಡುವುದುಂಟು. ಕೊನೆಯ ದಿನ ಕಳೆದ ಮೇಲೆ ಫೆಡರೇಷನ್ ಎಲ್ಲರ ಹೆಸರುಗಳನ್ನೂ ಅವರವರ ಜಾಗತಿಕ ಕ್ರಮಾಂಕಕ್ಕೆ ಅನುಸಾರವಾಗಿ ಜೋಡಿಸಿ, ನೇರವಾಗಿ ಪ್ರಧಾನ ಸುತ್ತಿಗೆ ಸೇರುವವರು ಯಾರು, ಅರ್ಹತಾ ಸುತ್ತಿನಲ್ಲಿ ಆಡಬೇಕಾದವರು ಯಾರು, ಕಾಯಬೇಕಾದವರು ಯಾರು ಎಂಬುದನ್ನು ಪ್ರಕಟಿಸುತ್ತದೆ. ಈ ಪಟ್ಟಿಯನ್ನು ನೋಡುವ ಗಳಿಗೆಯು ಪರೀಕ್ಷೆಯ ಫಲಿತಾಂಶವನ್ನು ನೋಡುವ ಗಳಿಗೆಯಂತೆಯೇ ಇರುತ್ತದೆ. ಒಂದೇ ಸ್ಥಾನದ ಅಂತರದಿಂದ ಪ್ರಧಾನ ಸುತ್ತು ತಪ್ಪಿದರೆ ಎರಡು ಮೂರು ಪಂದ್ಯಗಳನ್ನು ಹೆಚ್ಚಾಗಿ ಆಡಬೇಕಾಗುತ್ತದೆ, ಅದೂ ಎರಡು ದಿನ ಮುಂಚಿತವಾಗಿ ಊರನ್ನು ತಲಪಿ.

ಸಿಂಗಲ್ಸ್ ವಿಭಾಗದ ಪ್ರಧಾನ ಸುತ್ತಿನಲ್ಲಿ ಸಾಮಾನ್ಯವಾಗಿ 32 ಮಂದಿ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಕ್ರಮಾಂಕದ ಬಲದಿಂದ ಬಂದವರು. ಎಂಟು ಮಂದಿ ಅರ್ಹತಾ ಸುತ್ತನ್ನು ಗೆದ್ದು ಬರುತ್ತಾರೆ. ನಾಲ್ವರಿಗೆ ಆತಿಥೇಯ ಸಂಸ್ಥೆಯು ತನ್ನ ಇಚ್ಛೆಯಂತೆ ಸ್ಥಾನ ನೀಡುತ್ತದೆ. ಇದನ್ನು ವೈಲ್ಡ್ ಕಾರ್ಡ್ ಎನ್ನುವರು. ಕ್ರಮಾಂಕದಲ್ಲಿ ಹಿಂದಿರುವ ಸ್ಥಳೀಯ ಪ್ರತಿಭೆಗೆ ಅವಕಾಶ ಕೊಡುವುದು ಇದರ ಉದ್ದೇಶ. ಆತಿಥೇಯರಿಗೆ ಪರಿಚಿತರಾದವರಿಗಷ್ಟೇ ಇದು ಅನುಕೂಲವೆಂಬ ಆಕ್ಷೇಪಣೆ ಹಳೆಯದು. ಆದರೆ ಬೇರೆ ದೇಶಗಳಿಗೆ ಹೋಗಿ ಅಂಕ ಸಂಪಾದಿಸುವ ಶಕ್ತಿಯಿಲ್ಲದ ಹುಡುಗಿಗೆ ತನ್ನ ಊರಿನಲ್ಲಿ ದೊರೆಯುವ ಈ ಒಂದು ಸ್ಥಾನದ ಬೆಲೆಯನ್ನು ಅಲ್ಲಗಳೆಯಲಾಗದು. ಅತ್ಯಂತ ಕೆಳದರ್ಜೆಯ ಸ್ಪರ್ಧೆಗಳಲ್ಲಿ ಕಿರಿಯರ ವಿಭಾಗದ ಮುಂಚೂಣಿಯ ಹುಡುಗಿಯರಿಗಾಗಿಯೂ ಕೆಲವು ಸ್ಥಾನಗಳನ್ನು ಮೀಸಲಿಡಲಾಗುತ್ತದೆ.

ವಯಸ್ಸಿಗೆ ಸಂಬಂಧಿಸಿದ ನಿಯಮವೂ ಉಂಟು. ಹದಿನಾಲ್ಕು ವರ್ಷ ತುಂಬದ ಬಾಲಕಿ ಮಹಿಳೆಯರ ವೃತ್ತಿಪರ ಸ್ಪರ್ಧೆಯಲ್ಲಿ ಆಡುವಂತಿಲ್ಲ. ಹದಿನಾಲ್ಕರಿಂದ ಹದಿನೆಂಟರವರೆಗೆ ವರ್ಷಕ್ಕೆ ಇಂತಿಷ್ಟು ಸ್ಪರ್ಧೆಗಳೆಂಬ ಮಿತಿಯಿದೆ. ವಯಸ್ಸು ಏರಿದಂತೆ ಮಿತಿಯೂ ಸಡಿಲವಾಗುತ್ತದೆ. ಎಳೆಯ ವಯಸ್ಸಿನಲ್ಲಿಯೇ ಕೀರ್ತಿಯ ಹೊರೆಯನ್ನು ಹೊತ್ತು ಬಳಲಿದ ಹುಡುಗಿಯರನ್ನು ಕಂಡ ಮೇಲೆ, 1990ರ ದಶಕದಲ್ಲಿ, ಈ ನಿಯಮವನ್ನು ಬಿಗಿಗೊಳಿಸಲಾಯಿತು. ಎಂದರೆ ಒಂಬತ್ತನೆಯ ತರಗತಿಯಲ್ಲಿ ಓದುವ ವಯಸ್ಸಿನ ಹುಡುಗಿಯೊಬ್ಬಳು, ತನಗಿಂತ ಹತ್ತು ಹದಿನೈದು ವರ್ಷ ಹಿರಿಯಳಾದ, ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡ ಎದುರಾಳಿಯ ಮುಂದೆ ನಿಲ್ಲುವುದು ಈ ಸ್ಪರ್ಧೆಗಳಲ್ಲಿ ಸಾಧ್ಯ.

ಅರ್ಹತಾ ಸುತ್ತು ಬಹುಮಟ್ಟಿಗೆ ಭಾನುವಾರ ಮತ್ತು ಸೋಮವಾರಗಳಂದು ನಡೆಯುತ್ತದೆ. ಇಲ್ಲಿ ಸೋತವರಿಗೆ ಕೆಳದರ್ಜೆಯ ಸ್ಪರ್ಧೆಗಳಲ್ಲಿ ಹಣವೂ ಇಲ್ಲ, ಅಂಕವೂ ಇಲ್ಲ. ಕಾಲವನ್ನು ಉಳಿಸಲು ಹಲವು ವೇಳೆ ಮೂರನೆಯ ಸೆಟ್ಟಿಗೆ ಬದಲಾಗಿ ಹತ್ತು ಪಾಯಿಂಟುಗಳ ನಿರ್ಣಾಯಕ ಆಟವನ್ನಷ್ಟೇ ಆಡಿಸುತ್ತಾರೆ. ದೂರದ ದೇಶದಿಂದ ಬಂದವಳೊಬ್ಬಳು ಎರಡು ಗಂಟೆಗಳ ಕಾಲ ಸಮಬಲದಿಂದ ಹೋರಾಡಿ, ಕೊನೆಯ ಹತ್ತು ನಿಮಿಷಗಳಲ್ಲಿ ಎಲ್ಲವನ್ನೂ ಕಳೆದುಕೊಳ್ಳಬಹುದು. ಆದರೂ ಒಂದು ಸಣ್ಣ ಬಾಗಿಲು ತೆರೆದಿರುತ್ತದೆ. ಪ್ರಧಾನ ಸುತ್ತಿನವರಲ್ಲಿ ಯಾರಾದರೂ ಗಾಯದಿಂದಲೋ ಕಾಯಿಲೆಯಿಂದಲೋ ಕಡೆಯ ಗಳಿಗೆಯಲ್ಲಿ ಹಿಂಜರಿದರೆ, ಅರ್ಹತೆಯ ಕೊನೆಯ ಸುತ್ತಿನಲ್ಲಿ ಸೋತವರ ಪೈಕಿ ಒಬ್ಬಳಿಗೆ ಆ ಸ್ಥಾನ ದೊರೆಯುತ್ತದೆ. ಅವಳನ್ನು 'ಲಕ್ಕಿ ಲೂಸರ್' ಎನ್ನುತ್ತಾರೆ. ಅದೃಷ್ಟವಂತ ಪರಾಜಿತೆ ಎಂದು ಅರ್ಥ. ಹೆಸರೇನೋ ವಿಚಿತ್ರ. ಆದರೆ ಈ ಅದೃಷ್ಟವನ್ನು ಪಡೆಯಲು ಬೆಳಗ್ಗೆಯೇ ಬಂದು ಸಹಿ ಹಾಕಬೇಕು, ಮೈಕಾಲುಗಳನ್ನು ಸಡಿಲಗೊಳಿಸಿಕೊಂಡು, ರ‍್ಯಾಕೆಟ್ಟನ್ನು ಸಿದ್ಧಪಡಿಸಿಕೊಂಡು, ಮೊದಲ ಸುತ್ತಿನ ಕೊನೆಯ ಪಂದ್ಯ ಆರಂಭವಾಗುವವರೆಗೆ ಕಾಯಬೇಕು. ಬಹುಮಂದಿ ಕಾಯ್ದು ಕಾಯ್ದು ಹಿಂದಿರುಗುತ್ತಾರೆ.

ಪ್ರಧಾನ ಸುತ್ತಿನಲ್ಲಿ ಯಾರ ಎದುರು ಯಾರು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಆದರೆ ಎಲ್ಲವನ್ನೂ ಅದೃಷ್ಟಕ್ಕೆ ಬಿಟ್ಟರೆ ಅತ್ಯುತ್ತಮರಾದ ಇಬ್ಬರು ಮೊದಲ ದಿನವೇ ಎದುರಾಗಿ, ಒಬ್ಬಳು ಅಂದೇ ನಿರ್ಗಮಿಸುವ ಸಂಭವವಿದೆ. ಇದನ್ನು ತಪ್ಪಿಸಲು ಕ್ರಮಾಂಕದಲ್ಲಿ ಮುಂದಿರುವ ಎಂಟು ಮಂದಿಗೆ ಶ್ರೇಯಾಂಕ ಕೊಡುತ್ತಾರೆ. ಮೊದಲ ಶ್ರೇಯಾಂಕದವಳ ಹೆಸರು ಪಟ್ಟಿಯ ತಲೆಯಲ್ಲಿ, ಎರಡನೆಯವಳ ಹೆಸರು ಬುಡದಲ್ಲಿ. ಮೂರನೆಯ ಮತ್ತು ನಾಲ್ಕನೆಯವರು ಉಳಿದ ಎರಡು ಕಾಲುಭಾಗಗಳಿಗೆ ಚೀಟಿಯ ಮೂಲಕ ಹೋಗುತ್ತಾರೆ. ಐದರಿಂದ ಎಂಟರವರೆಗಿನವರೂ ಹಾಗೆಯೇ ಒಂದೊಂದು ಕಾಲುಭಾಗಕ್ಕೆ ಒಬ್ಬರಂತೆ ಹಂಚಿಹೋಗುತ್ತಾರೆ. ಹೀಗೆ ಮೊದಲಿನ ಇಬ್ಬರು ಅಂತಿಮ ಪಂದ್ಯಕ್ಕೆ ಮುನ್ನ ಸಂಧಿಸುವಂತಿಲ್ಲ. ಶ್ರೇಯಾಂಕವಿಲ್ಲದವರಿಗೆ ಈ ರಕ್ಷಣೆಯಿಲ್ಲ. ಅರ್ಹತಾ ಸುತ್ತಿನಲ್ಲಿ ಬೆವರು ಹರಿಸಿ ಬಂದವಳಿಗೆ ಮೊದಲ ಪಂದ್ಯದಲ್ಲಿಯೇ ಒಂದನೆಯ ಶ್ರೇಯಾಂಕದವಳು ಎದುರಾದರೆ ಯಾರನ್ನೂ ದೂರುವಂತಿಲ್ಲ.

ಮೂವತ್ತೆರಡು ಮಂದಿಯಲ್ಲಿ ಒಬ್ಬಳನ್ನು ಆರಿಸಲು ಎಷ್ಟು ಪಂದ್ಯಗಳು ಬೇಕು? ಸುತ್ತುಗಳನ್ನು ಕೂಡುವ ಶ್ರಮವಿಲ್ಲದೆ ಇದನ್ನು ಹೇಳಬಹುದು. ಒಂದೊಂದು ಪಂದ್ಯವೂ ಒಬ್ಬಳನ್ನು ಹೊರಕ್ಕೆ ಕಳುಹಿಸುತ್ತದೆ. ಉಳಿಯಬೇಕಾದವಳು ಒಬ್ಬಳೇ ಆದ್ದರಿಂದ ಮೂವತ್ತೊಂದು ಮಂದಿ ಹೊರಹೋಗಬೇಕು. ಆದಕಾರಣ ಪಂದ್ಯಗಳೂ ಮೂವತ್ತೊಂದು. ವಿಜೇತೆ ಐದು ಪಂದ್ಯಗಳನ್ನು ಗೆಲ್ಲಬೇಕು. ಅರ್ಹತಾ ಸುತ್ತಿನಿಂದ ಬಂದವಳಾದರೆ ಏಳು ಇಲ್ಲವೆ ಎಂಟು ಪಂದ್ಯಗಳನ್ನು ಸುಮಾರು ಒಂದೇ ವಾರದೊಳಗೆ ಗೆಲ್ಲಬೇಕು. ಅದರ ನಡುವೆ ಡಬಲ್ಸ್ ಪಂದ್ಯಗಳೂ ಇರಬಹುದು.

ಸಿಂಗಲ್ಸ್ ಅಂಗಣದ ಉದ್ದ 78 ಅಡಿ, ಅಗಲ 27 ಅಡಿ. ನಡುವೆ ಕಟ್ಟಿದ ಬಲೆಯ ಎತ್ತರ ಮಧ್ಯದಲ್ಲಿ 3 ಅಡಿ. ಎಣಿಕೆಯ ರೀತಿ ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ: ಮೊದಲ ಪಾಯಿಂಟಿಗೆ ಹದಿನೈದು, ಎರಡನೆಯದಕ್ಕೆ ಮೂವತ್ತು, ಮೂರನೆಯದಕ್ಕೆ ನಲವತ್ತು, ನಾಲ್ಕನೆಯದಕ್ಕೆ ಗೇಮ್. ಇಬ್ಬರೂ ನಲವತ್ತಕ್ಕೆ ಬಂದು ನಿಂತರೆ ಅದು ಡ್ಯೂಸ್. ಅಲ್ಲಿಂದ ಮುಂದೆ ಬೆನ್ನುಬೆನ್ನಿಗೆ ಎರಡು ಪಾಯಿಂಟ್ ಗಳಿಸಿದವಳಿಗೆ ಗೇಮ್. ಎರಡರ ಅಂತರದಿಂದ ಆರು ಗೇಮುಗಳನ್ನು ಪಡೆದವಳಿಗೆ ಸೆಟ್. 5-5 ಆದರೆ ಏಳು ಬೇಕು. 6-6 ಆದರೆ ಟೈಬ್ರೇಕರ್. ಮೂರು ಸೆಟ್ಟುಗಳಲ್ಲಿ ಎರಡನ್ನು ಗೆದ್ದವಳಿಗೆ ಪಂದ್ಯ.

ಈ ಎಣಿಕೆಯಲ್ಲಿ ಒಂದು ಸ್ವಾರಸ್ಯವಿದೆ. ಒಬ್ಬಳು ಮೊದಲ ಸೆಟ್ಟನ್ನು 6-0ಯಿಂದ ಗೆದ್ದು, ಮುಂದಿನ ಎರಡನ್ನೂ 6-7ರಿಂದ ಸೋತಳೆಂದು ಭಾವಿಸಬಹುದು. ಅವಳು ಗೆದ್ದ ಗೇಮುಗಳು ಹದಿನೆಂಟು, ಎದುರಾಳಿಯವು ಹದಿನಾಲ್ಕು. ಆದರೂ ಪಂದ್ಯ ಎದುರಾಳಿಯದು. ಎಲ್ಲ ಪಾಯಿಂಟುಗಳೂ ಎಣಿಕೆಗೆ ಸಮಾನ, ಬೆಲೆಗೆ ಸಮಾನವಲ್ಲ. ಕೆಳಹಂತದ ಸ್ಪರ್ಧೆಗಳಲ್ಲಿ ಆಡುವವರ ಹೊಡೆತಗಳು ಮೇಲಿನವರ ಹೊಡೆತಗಳಿಗಿಂತ ಬಹಳ ದುರ್ಬಲವೆಂದು ಭಾವಿಸುವುದು ತಪ್ಪು. ಅಭ್ಯಾಸದ ವೇಳೆ ನೋಡಿದರೆ ನೂರನೆಯ ಕ್ರಮಾಂಕದವಳಿಗೂ ನಾನೂರನೆಯವಳಿಗೂ ಇರುವ ವ್ಯತ್ಯಾಸ ಸಾಮಾನ್ಯ ಪ್ರೇಕ್ಷಕನ ಕಣ್ಣಿಗೆ ಬೀಳಲಾರದು. ವ್ಯತ್ಯಾಸ ತೋರುವುದು ಟೈಬ್ರೇಕರಿನಲ್ಲಿ 5-5 ಎಂದಾಗ ಎರಡನೆಯ ಸರ್ವ್ ಮಾಡಬೇಕಾದ ಗಳಿಗೆಯಲ್ಲಿ.

ದೊಡ್ಡ ಸ್ಪರ್ಧೆಗಳಲ್ಲಿ ಗೆರೆಗಳನ್ನು ಯಂತ್ರಗಳು ಕಾಯುತ್ತವೆ. ಚೆಂಡು ಹೆಕ್ಕಿ ಕೊಡಲು ಹುಡುಗ ಹುಡುಗಿಯರ ತಂಡವೇ ಇರುತ್ತದೆ. ಇಲ್ಲಿ ಬಹುಪಾಲು ಒಬ್ಬ ಅಂಪೈರೇ ಎತ್ತರದ ಕುರ್ಚಿಯಲ್ಲಿ ಕುಳಿತು ಎಲ್ಲ ಗೆರೆಗಳನ್ನೂ ನೋಡಬೇಕು. ಚೆಂಡನ್ನು ಆಟಗಾರ್ತಿಯೇ ಹೋಗಿ ತರುವುದು ಸಾಮಾನ್ಯ ದೃಶ್ಯ. ಬಟ್ಟೆ ಒಗೆಯುವುದು, ಬಸ್ಸು ರೈಲುಗಳ ವೇಳೆ ವಿಚಾರಿಸುವುದು, ಹರಿದ ತಂತಿಯನ್ನು ಮತ್ತೆ ಬಿಗಿಸಲು ಯಾರನ್ನಾದರೂ ಹುಡುಕುವುದು, ಎಲ್ಲವೂ ಅವಳದೇ ಕೆಲಸ. ಖರ್ಚನ್ನು ತಗ್ಗಿಸಲು ಇಬ್ಬರು ಆಟಗಾರ್ತಿಯರು ಒಂದೇ ಕೊಠಡಿಯಲ್ಲಿ ತಂಗುತ್ತಾರೆ. ಅಂಥ ಇಬ್ಬರು ಸಂಜೆ ಜೊತೆಯಾಗಿ ಡಬಲ್ಸ್ ಆಡಿ, ಒಟ್ಟಿಗೆ ಉಂಡು, ಮರುದಿನ ಬೆಳಗ್ಗೆ ಸಿಂಗಲ್ಸ್ ಪಂದ್ಯದಲ್ಲಿ ಬಲೆಯ ಎರಡು ಬದಿಗಳಲ್ಲಿ ನಿಲ್ಲುವುದುಂಟು. ಕೆಲವು ಕಡೆ ಸಂಘಟಕರೇ ವಸತಿಯನ್ನು ಒದಗಿಸುತ್ತಾರೆ. ಅಂಥ ಸ್ಪರ್ಧೆಗಳಿಗೆ ಬರುವವರು ಹೆಚ್ಚು.

ಹಣದ ಲೆಕ್ಕ ಕಠೋರವಾದದ್ದು. ಕಟ್ಟಕಡೆಯ ದರ್ಜೆಯ ಸ್ಪರ್ಧೆಯ ಒಟ್ಟು ಬಹುಮಾನ 15,000 ಡಾಲರು. ಅದನ್ನು ಸಿಂಗಲ್ಸ್, ಡಬಲ್ಸ್ ಎರಡಕ್ಕೂ ಹಂಚಬೇಕು. ಸಿಂಗಲ್ಸ್ ವಿಜೇತೆಯ ಪಾಲಿಗೆ 2,000 ಡಾಲರಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಮೊದಲ ಸುತ್ತಿನಲ್ಲಿ ಸೋತವಳಿಗೆ ದೊರೆಯುವುದು 150 ಡಾಲರುಗಳ ಆಸುಪಾಸು. 2024ರ ವಿನಿಮಯ ದರದಲ್ಲಿ ಸುಮಾರು 12,000 ರೂಪಾಯಿಗಳು. ಇದರಲ್ಲಿ ತೆರಿಗೆ ಕಳೆಯುತ್ತದೆ. ವಿಮಾನದ ಚೀಟಿ, ಒಂದು ವಾರದ ವಸತಿ ಮತ್ತು ಊಟ, ತಂತಿ ಬಿಗಿಸುವ ಕೂಲಿ ಇವೆಲ್ಲ ಇದರಲ್ಲಿ ಆಗಬೇಕೆಂದರೆ ಆಗದು. ತರಬೇತುದಾರನನ್ನು ಜೊತೆಗೆ ಕರೆತರುವ ಮಾತು ದೂರವೇ ಉಳಿಯಿತು. ಅದೇ 2024ರಲ್ಲಿ ಅಮೆರಿಕದ ಮಹಾಸ್ಪರ್ಧೆಯ ಮೊದಲ ಸುತ್ತಿನಲ್ಲಿ ಸೋತವಳಿಗೆ ದೊರೆತದ್ದು 1,00,000 ಡಾಲರು. ಸೋಲು ಎರಡೂ ಕಡೆ ಒಂದೇ. ಅದರ ಬೆಲೆ ಮಾತ್ರ ಬೇರೆ.

ಅಂತರರಾಷ್ಟ್ರೀಯ ಫೆಡರೇಷನ್ 2013ರ ಲೆಕ್ಕವನ್ನು ಆಧರಿಸಿ ಒಂದು ಅಧ್ಯಯನ ನಡೆಸಿತು. ಆ ವರ್ಷ ಪ್ರಪಂಚದಲ್ಲಿ ಸುಮಾರು ಹದಿನಾಲ್ಕು ಸಾವಿರ ಸ್ತ್ರೀಪುರುಷರು ವೃತ್ತಿಪರ ಸ್ಪರ್ಧೆಗಳಲ್ಲಿ ಆಡಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಒಂದು ಕಾಸಿನ ಬಹುಮಾನವೂ ದೊರೆತಿರಲಿಲ್ಲ. ತರಬೇತುದಾರನ ವೇತನವನ್ನು ಬಿಟ್ಟು ಲೆಕ್ಕ ಹಾಕಿದರೂ, ಮಹಿಳೆಯರಲ್ಲಿ ಆದಾಯ ಮತ್ತು ವೆಚ್ಚ ಸರಿತೂಗುವುದು ಸುಮಾರು 253ನೆಯ ಕ್ರಮಾಂಕದಲ್ಲಿ ಎಂದು ಆ ಅಧ್ಯಯನ ಕಂಡುಕೊಂಡಿತು. ಅದರಿಂದ ಕೆಳಗಿರುವವರು ಆಡುವುದು ತಂದೆತಾಯಿಯರ ಉಳಿತಾಯದಿಂದ, ಸಾಲದಿಂದ, ಯಾವುದೋ ಸಂಸ್ಥೆಯ ನೆರವಿನಿಂದ. ಬಡಮನೆಯ ಹುಡುಗಿಗೆ ಈ ಏಣಿಯ ಬುಡದವರೆಗೆ ಬರುವುದೇ ಕಷ್ಟವೆಂಬ ಸತ್ಯವನ್ನು ಮರೆಮಾಚಬೇಕಾಗಿಲ್ಲ.

ಹೀಗಿರುವಾಗ ಅವರು ಏತಕ್ಕಾಗಿ ಆಡುತ್ತಾರೆ? ಅಂಕಗಳಿಗಾಗಿ. ಪ್ರಪಂಚದ ಎಲ್ಲ ಆಟಗಾರ್ತಿಯರೂ ಒಂದೇ ಪಟ್ಟಿಯಲ್ಲಿದ್ದಾರೆ. ಈ ಪಟ್ಟಿಯನ್ನು 1975ರಿಂದ ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸಲಾಗುತ್ತಿದೆ. ಪಟ್ಟಿಯಲ್ಲಿ ಹೆಸರು ಕಾಣಿಸಬೇಕಾದರೆ ಕನಿಷ್ಠ ಮೂರು ಸ್ಪರ್ಧೆಗಳಲ್ಲಿ ಅಂಕ ಗಳಿಸಿರಬೇಕು, ಇಲ್ಲವೆ ಒಟ್ಟು ಹತ್ತು ಅಂಕಗಳಾದರೂ ಇರಬೇಕು. ಕಡೆಯ ದರ್ಜೆಯ ಸ್ಪರ್ಧೆಯಲ್ಲಿ ಒಂದು ಪಂದ್ಯ ಗೆದ್ದರೆ ಒಂದು ಅಂಕ. ಮೂರು ಊರುಗಳಲ್ಲಿ ಒಂದೊಂದು ಪಂದ್ಯವನ್ನು ಗೆದ್ದ ಹುಡುಗಿ ಪಟ್ಟಿಯ ಬುಡದಲ್ಲಿ ತನ್ನ ಹೆಸರನ್ನು ಕಾಣುತ್ತಾಳೆ. ಆದರೆ ಅಂಕಗಳು ಬ್ಯಾಂಕಿನ ಠೇವಣಿಯಂತೆ ಸ್ಥಿರವಲ್ಲ. ಐವತ್ತೆರಡು ವಾರಗಳು ಕಳೆದೊಡನೆ ಅವು ಅಳಿಸಿಹೋಗುತ್ತವೆ. ಕಳೆದ ವರ್ಷ ಈ ವಾರದಲ್ಲಿ ಪ್ರಶಸ್ತಿ ಪಡೆದವಳು ಈ ವರ್ಷ ಅಷ್ಟೇ ಗಳಿಸಿದರೆ ಇದ್ದಲ್ಲಿಯೇ ಇರುತ್ತಾಳೆ. ಗಾಯಗೊಂಡು ಮಲಗಿದರೆ ಜಾರುತ್ತಾಳೆ. ನಿಂತಲ್ಲಿ ನಿಲ್ಲುವುದಕ್ಕೂ ಓಡುತ್ತಲೇ ಇರಬೇಕು.

ಏಣಿಯ ನಡುವೆ ಒಂದು ಗಡಿಯಿದೆ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸಿನ ಪ್ರಧಾನ ಸುತ್ತಿನಲ್ಲಿ 128 ಸ್ಥಾನಗಳು. ಅವುಗಳಲ್ಲಿ 104 ಸ್ಥಾನಗಳು ಕ್ರಮಾಂಕದಿಂದ ನೇರವಾಗಿ ತುಂಬುತ್ತವೆ. ಅನಂತರದ ನೂರಕ್ಕೂ ಮಿಕ್ಕ ಆಟಗಾರ್ತಿಯರು ಅಲ್ಲಿನ ಅರ್ಹತಾ ಸುತ್ತಿಗೆ ಅರ್ಹರಾಗುತ್ತಾರೆ. ಆ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿಯೇ ಸೋತರೂ 2024ರ ಅಮೆರಿಕದ ಸ್ಪರ್ಧೆಯಲ್ಲಿ 20,000 ಡಾಲರಿಗೂ ಹೆಚ್ಚು ದೊರೆಯುತ್ತಿತ್ತು. ವರ್ಷದಲ್ಲಿ ಅಂಥ ನಾಲ್ಕು ಅವಕಾಶಗಳು ಸಿಕ್ಕಿದರೆ ಉಳಿದ ವಾರಗಳ ಪ್ರಯಾಣದ ವೆಚ್ಚ ಹೊರಬಂದಂತೆಯೇ. ಕ್ರಮಾಂಕ 230ರ ಸುತ್ತಮುತ್ತಲಿನ ಈ ಗಡಿಯನ್ನು ದಾಟಿದವಳು ವೃತ್ತಿಯಲ್ಲಿ ಉಳಿಯಬಲ್ಲಳು. ದಾಟದವಳು ವರ್ಷ ವರ್ಷವೂ ಮುಂದುವರಿಯಲೇ ಬೇಡವೇ ಎಂದು ತನ್ನನ್ನು ಕೇಳಿಕೊಳ್ಳಬೇಕಾಗುತ್ತದೆ.

ಈ ಗಡಿಯ ಎರಡೂ ಬದಿಗಳನ್ನು ಬಲ್ಲವರು ಅಂಕಿತಾ ರೈನಾ. ಅಹಮದಾಬಾದಿನಲ್ಲಿ 1993ರಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ತರಬೇತಿ ಪಡೆದರು. ವರ್ಷಗಟ್ಟಲೆ ಕೆಳಹಂತದ ಸ್ಪರ್ಧೆಗಳಲ್ಲಿ ಆಡಿ, ಹಲವು ಸಿಂಗಲ್ಸ್ ಪ್ರಶಸ್ತಿಗಳನ್ನು ಗಳಿಸಿ, 2018ರ ಏಪ್ರಿಲಿನಲ್ಲಿ ಮೊದಲ ಇನ್ನೂರರೊಳಗೆ ಬಂದರು. ಅದೇ ವರ್ಷ ಏಷ್ಯನ್ ಕ್ರೀಡೆಗಳಲ್ಲಿ ಸಿಂಗಲ್ಸಿನ ಕಂಚಿನ ಪದಕ ಪಡೆದರು. 2020ರ ಮಾರ್ಚಿನಲ್ಲಿ ಅವರ ಕ್ರಮಾಂಕ 160ಕ್ಕೆ ಏರಿತು. 2021ರ ಆಸ್ಟ್ರೇಲಿಯದ ಮಹಾಸ್ಪರ್ಧೆಗೆ ದುಬೈಯಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಅವರು ಕೊನೆಯ ಪಂದ್ಯದವರೆಗೆ ಬಂದು ಅಲ್ಲಿ ಸೋತರು. ಲಕ್ಕಿ ಲೂಸರ್ ಆಗಬಹುದೆಂಬ ನಿರೀಕ್ಷೆಯಿಂದ ಮೆಲ್ಬರ್ನಿಗೆ ಹೋದರು. ಸಿಂಗಲ್ಸಿನಲ್ಲಿ ಸ್ಥಾನ ತೆರವಾಗಲಿಲ್ಲ. ಡಬಲ್ಸಿನಲ್ಲಿ ಆಡುವ ಅವಕಾಶ ದೊರೆಯಿತು. ಅದರ ಬೆನ್ನಿಗೇ ಅಲ್ಲಿಯೇ ನಡೆದ ಮತ್ತೊಂದು ಸ್ಪರ್ಧೆಯಲ್ಲಿ ರಷ್ಯದ ಕಮಿಲ್ಲಾ ರಖಿಮೋವಾ ಅವರ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಪಡೆದರು. ಅವರಿಗಿಂತ ಮೊದಲು ಸಾನಿಯಾ ಮಿರ್ಜಾ ಅವರೂ ಇದೇ ದಾರಿಯಲ್ಲಿ ನಡೆದಿದ್ದರು. ಕೆಳಹಂತದಲ್ಲಿ ಹದಿನಾಲ್ಕು ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದು, 2005ರಲ್ಲಿ ತಮ್ಮ ಊರಾದ ಹೈದರಾಬಾದಿನಲ್ಲಿ ಮಹಿಳಾ ಟೆನಿಸ್ ಸಂಘದ ಪ್ರಶಸ್ತಿಯನ್ನು ಪಡೆದು, 2007ರಲ್ಲಿ 27ನೆಯ ಕ್ರಮಾಂಕವನ್ನು ಮುಟ್ಟಿದರು.

ಕೆಳಮೆಟ್ಟಿಲಿನ ಆಟಕ್ಕೆ ಇನ್ನೊಂದು ಕೇಡು ಅಂಟಿಕೊಂಡಿದೆ. ಪ್ರೇಕ್ಷಕರಿಲ್ಲದ ಈ ಪಂದ್ಯಗಳ ಮೇಲೂ ದೂರದ ದೇಶಗಳಲ್ಲಿ ಕುಳಿತವರು ಜೂಜಿನ ಹಣ ಹೂಡುತ್ತಾರೆ. ಅಂಪೈರನು ತನ್ನ ಕೈಯಲ್ಲಿರುವ ಯಂತ್ರದಲ್ಲಿ ದಾಖಲಿಸಿದ ಎಣಿಕೆ ಆ ಕ್ಷಣವೇ ಅವರಿಗೆ ತಿಳಿಯುತ್ತದೆ. ಒಂದು ವಾರಕ್ಕೆ 150 ಡಾಲರು ಗಳಿಸುವ ಆಟಗಾರ್ತಿಗೆ, ಒಂದು ಸೆಟ್ಟನ್ನು ಬಿಟ್ಟುಕೊಟ್ಟರೆ ಅದರ ಹತ್ತಾರು ಪಾಲು ಹಣ ಕೊಡುವೆನೆಂದು ಒಬ್ಬನು ಬಂದು ಪಿಸುಗುಟ್ಟಬಹುದು. 2018ರಲ್ಲಿ ಸ್ವತಂತ್ರ ಪರಿಶೀಲನಾ ಮಂಡಳಿಯೊಂದು ಈ ಪಿಡುಗು ಕೆಳಹಂತದಲ್ಲಿಯೇ ಹೆಚ್ಚಾಗಿದೆಯೆಂದು ವರದಿ ಮಾಡಿ, ಕೆಳದರ್ಜೆಯ ಪಂದ್ಯಗಳ ಎಣಿಕೆಯನ್ನು ಜೂಜಿನ ವ್ಯವಹಾರಕ್ಕೆ ಮಾರುವುದನ್ನು ತಡೆಯಬೇಕೆಂದು ಸಲಹೆ ಮಾಡಿತು. 2021ರಲ್ಲಿ ಆಟದ ಶುದ್ಧಿಯನ್ನು ಕಾಯಲು ಪ್ರತ್ಯೇಕ ಸಂಸ್ಥೆಯೊಂದು ಕಾರ್ಯಾರಂಭ ಮಾಡಿತು. ತಪ್ಪಿತಸ್ಥರೆಂದು ಸಿದ್ಧವಾದವರನ್ನು ಆಜೀವ ನಿಷೇಧಿಸುವ ಅಧಿಕಾರ ಈ ವ್ಯವಸ್ಥೆಗೆ ಉಂಟು. ಶಿಕ್ಷೆ ಅಗತ್ಯವೇ ಸರಿ. ಆದರೆ ದುಡಿದರೂ ಹೊಟ್ಟೆ ತುಂಬದ ಸ್ಥಿತಿ ಇರುವವರೆಗೆ ಪಿಸುಮಾತು ಆಡುವವನಿಗೆ ಕೇಳುವ ಕಿವಿ ದೊರೆಯುತ್ತಲೇ ಇರುತ್ತದೆ.

2019ರ ಡಿಸೆಂಬರಿನಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ 25,000 ಡಾಲರುಗಳ ಮಹಿಳಾ ಸ್ಪರ್ಧೆಯೊಂದು ನಡೆಯಿತು. ಅದರ ಸಿಂಗಲ್ಸ್ ವಿಜೇತೆ ಇಂಗ್ಲೆಂಡಿನಿಂದ ಬಂದಿದ್ದ, ಆಗತಾನೆ ಹದಿನೇಳು ತುಂಬಿದ್ದ ಎಮ್ಮಾ ರಾಡುಕಾನು. ಆಕೆಯ ತಂದೆ ರೊಮೇನಿಯದವರು, ತಾಯಿ ಚೀನಾದವರು. ಹುಟ್ಟಿದ್ದು ಕೆನಡದ ಟೊರಾಂಟೊದಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ. ಪುಣೆಯಲ್ಲಿ ಆಕೆಗೆ ದೊರೆತದ್ದು 50 ಅಂಕಗಳು ಮತ್ತು 4,000 ಡಾಲರಿಗೂ ಕಡಿಮೆಯಾದ ಹಣ. ಮುಂದಿನ ವರ್ಷ ಸಾಂಕ್ರಾಮಿಕ ರೋಗದಿಂದಾಗಿ ಸ್ಪರ್ಧೆಗಳು ನಿಂತವು. ಆಕೆ ಶಾಲೆಯ ಅಂತಿಮ ಪರೀಕ್ಷೆಗೆ ಗಣಿತ ಮತ್ತು ಅರ್ಥಶಾಸ್ತ್ರಗಳನ್ನು ಓದಿಕೊಂಡರು. 2021ರ ವಿಂಬಲ್ಡನ್ನಿಗೆ ಬಂದಾಗ ಆಕೆಯ ಕ್ರಮಾಂಕ 338. ವೈಲ್ಡ್ ಕಾರ್ಡಿನಿಂದ ಪ್ರವೇಶ ಪಡೆದು ನಾಲ್ಕನೆಯ ಸುತ್ತಿನವರೆಗೆ ಮುಂದುವರಿದು, ಅಲ್ಲಿ ಉಸಿರಾಟದ ತೊಂದರೆಯಿಂದ ಪಂದ್ಯದ ನಡುವೆಯೇ ನಿವೃತ್ತರಾದರು. ಆದರೆ ಅಷ್ಟರಿಂದ ಕ್ರಮಾಂಕ ಮೇಲೇರಿ, ಅಮೆರಿಕದ ಮಹಾಸ್ಪರ್ಧೆಯ ಅರ್ಹತಾ ಸುತ್ತಿನ ಬಾಗಿಲು ತೆರೆಯಿತು.

ಅಲ್ಲಿ 150ನೆಯ ಕ್ರಮಾಂಕದ ಆಕೆ ಅರ್ಹತೆಯ ಮೂರು ಪಂದ್ಯಗಳನ್ನೂ, ಪ್ರಧಾನ ಸುತ್ತಿನ ಏಳು ಪಂದ್ಯಗಳನ್ನೂ ಗೆದ್ದರು. ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಸೋಲಲಿಲ್ಲ. ಅಂತಿಮ ಪಂದ್ಯದಲ್ಲಿ ಕೆನಡದ ಲೇಲಾ ಫರ್ನಾಂಡಿಸ್ ಅವರನ್ನು 6-4, 6-3ರಿಂದ ಸೋಲಿಸಿದಾಗ ಆಕೆಯ ವಯಸ್ಸು ಹದಿನೆಂಟು. ವೃತ್ತಿಪರರಿಗೆ ಮಹಾಸ್ಪರ್ಧೆಗಳ ಬಾಗಿಲು ತೆರೆದ 1968ರಿಂದ ಅಂದಿನವರೆಗೆ ಅರ್ಹತಾ ಸುತ್ತಿನಿಂದ ಬಂದ ಯಾರೂ, ಸ್ತ್ರೀಯರಾಗಲಿ ಪುರುಷರಾಗಲಿ, ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. ಬಹುಮಾನ 25 ಲಕ್ಷ ಡಾಲರು. ಪುಣೆಯ ಪ್ರಶಸ್ತಿಗೂ ಇದಕ್ಕೂ ಇದ್ದ ಅಂತರ ಎರಡು ವರ್ಷಗಳೂ ಅಲ್ಲ.

ಇಂಥ ಕಥೆ ಸಾವಿರಕ್ಕೊಂದು. ಪುಣೆಯ ಆ ಸ್ಪರ್ಧೆಯಲ್ಲಿ ಆಡಿದ ಉಳಿದವರಲ್ಲಿ ಬಹುಮಂದಿಯ ಹೆಸರು ಶೀರ್ಷಿಕೆಗಳಲ್ಲಿ ಕಾಣಿಸಿಕೊಂಡಿಲ್ಲ. ಇಂಥ ಸ್ಪರ್ಧೆಗಳ ಆಟಗಾರ್ತಿಯರಲ್ಲಿ ಕೆಲವರು ತರಬೇತುದಾರರಾಗುತ್ತಾರೆ, ಕೆಲವರು ಕಾಲೇಜಿಗೆ ಹಿಂದಿರುಗುತ್ತಾರೆ, ಕೆಲವರು ಆಡುತ್ತಲೇ ಇರುತ್ತಾರೆ. ಒಂದು ಊರಿನಲ್ಲಿ ಶನಿವಾರವೋ ಭಾನುವಾರವೋ ಅಂತಿಮ ಪಂದ್ಯ ಮುಗಿದು, ಕ್ಲಬ್ಬಿನ ಅಧ್ಯಕ್ಷರು ವಿಜೇತೆಯ ಕೈಗೆ ಗಾಜಿನ ಫಲಕವೊಂದನ್ನು ಕೊಟ್ಟು ಭಾವಚಿತ್ರ ತೆಗೆಸಿಕೊಳ್ಳುವ ಹೊತ್ತಿಗೆ, ಮೊದಲ ಸುತ್ತಿನಲ್ಲಿ ಸೋತವರು ಎಂದೋ ಹೊರಟುಹೋಗಿರುತ್ತಾರೆ. ಮತ್ತೊಂದು ಊರಿನಲ್ಲಿ, ಬೇರೊಂದು ಕ್ಲಬ್ಬಿನ ಮೇಜಿನ ಮುಂದೆ, ಅವರು ಅರ್ಹತಾ ಸುತ್ತಿನ ಪುಸ್ತಕದಲ್ಲಿ ಸಹಿ ಹಾಕುತ್ತಿರುತ್ತಾರೆ.